ಮೇಷ್ಟ್ರು ಕಲಿತ ಸಿಳ್ಳೆ

33 ವರ್ಷ ಮೇಷ್ಟ್ರ ಕೆಲಸ ಮಾಡಿದ ನಾನು ತರಗತಿಯಲ್ಲಿ ಸಿಳ್ಳೆ ಹೊಡೆದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆ ಲೆಕ್ಕವಿಲ್ಲ. ಆ ಪಾಪವೆಲ್ಲ ಈಗ ಒಟ್ಟಾಗಿ ತಿರುಗಿ ಬಂದಿದೆ. ಅರವತ್ತೈದು ದಾಟಿದ ಮೇಲೆ, ಕೋಡಿಹಳ್ಳಿಯ ನಮ್ಮ ಮನೆಯ ಹಜಾರದಲ್ಲಿ ಕುಳಿತು, ಮುಂದಿನ ಎರಡು ಹಲ್ಲಿಲ್ಲದ ಬಾಯನ್ನು ಗುಂಡಗೆ ಮಾಡಿಕೊಂಡು, ದಿನಾ ಸಾಯಂಕಾಲ ನಾಲ್ಕೂವರೆಗೆ ನಾನು ಸಿಳ್ಳೆ ಅಭ್ಯಾಸ ಮಾಡುತ್ತಿದ್ದೇನೆ. ಗುರುಗಳು ಒಂದು ಹಕ್ಕಿ. ಅವರ ತೂಕ 90 ಗ್ರಾಂ.

ಆದದ್ದು ಇಷ್ಟು. ಬೆಂಗಳೂರಿನಲ್ಲಿದ್ದ ನನ್ನ ತಂಗಿಯ ಮಗಳ ಸಂಸಾರ ಕಳೆದ ದೀಪಾವಳಿ ಆದ ಮೇಲೆ ಕೆಲಸದ ಮೇಲೆ ಕೆನಡಾಕ್ಕೆ ಹೊರಟಿತು. ಫ್ರಿಜ್ಜು, ಸೋಫಾ, ಸ್ಕೂಟರು ಎಲ್ಲಕ್ಕೂ ಗಿರಾಕಿ ಸಿಕ್ಕಿದರು. ಉಳಿದದ್ದು ಮಗಳು ಸಾಕಿದ್ದ ಗಿಣಿ. "ಮಾವ, ನಿಮ್ಮಲ್ಲಿ ಜಾಗ ಇದೆ, ಗಾಳಿ ಬೆಳಕು ಇದೆ. ಇಟ್ಕೊಳ್ತೀರಾ?" ಎಂದು ಕೇಳಿದಳು. ಒಂದು ಹಿಡಿ ಹಕ್ಕಿ ತಾನೇ ಎಂದು ನಾನು ಒಪ್ಪಿಕೊಂಡೆ. ಒಪ್ಪುವ ಮುಂಚೆ ನನ್ನಾಕೆಯನ್ನು ಕೇಳಲಿಲ್ಲ ಎಂಬುದು ಬೇರೆಯೇ ಪ್ರಕರಣ.

ಕಾರಿನಲ್ಲಿ ಪಂಜರ ಬಂತು. ಒಂಬತ್ತು ವರ್ಷದ ಹುಡುಗಿ ಕಾರಿನಿಂದ ಇಳಿಯಲಿಲ್ಲ. ಕಿಟಕಿಯಿಂದಲೇ ಕೈ ಚಾಚಿ ನೋಟ್‌ಬುಕ್ಕಿನ ಒಂದು ಹಾಳೆ ಕೊಟ್ಟಳು. "ತಾತ, ಇದರಲ್ಲಿ ಎಲ್ಲಾ ಬರೆದಿದೀನಿ." ಮೇಲೆ 'ಚಿಂಟು' ಎಂದು ದಪ್ಪ ಅಕ್ಷರ, ಕೆಳಗೆ ಹದಿನಾಲ್ಕು ಅಂಶಗಳು. ಫ್ಯಾನು ಹಾಕಿದಾಗ ಹೊರಗೆ ಬಿಡಬಾರದು. ಕೆಂಪು ಅಂಗಿ ಅಂದ್ರೆ ಭಯ. ಭಾನುವಾರ ತೂಕ ನೋಡಬೇಕು, ತಕ್ಕಡಿ ಇಟ್ಟರೆ ಅವನೇ ಹತ್ತುತ್ತಾನೆ, ಈಗ 92 ಗ್ರಾಂ. ನಾನು ಕೊಟ್ಟ ಎಷ್ಟೋ ಹೋಂವರ್ಕಿಗಿಂತ ಅದು ಅಚ್ಚುಕಟ್ಟಾಗಿತ್ತು.

ಊರಿನವರು ನೋಡಲು ಬಂದರು. "ಇದ್ಯಾವ ಗಿಣಿ ಮೇಷ್ಟ್ರೆ, ಹಸ್ರೇ ಇಲ್ವಲ್ಲ? ಕೋಳಿ ಹಂಗೆ ಜುಟ್ಟು ಬೇರೆ!" ಎಂದರು. ಮೈ ಬೂದಿ ಬಣ್ಣ, ಮುಖ ಹಳದಿ, ಕೆನ್ನೆಯ ಮೇಲೆ ಕುಂಕುಮ ಒತ್ತಿದಂಥ ಕಿತ್ತಳೆ ಬೊಟ್ಟು, ತಲೆಯ ಮೇಲೆ ಏರಿಳಿಯುವ ಜುಟ್ಟು. ಇದಕ್ಕೆ ಕಾಕಟೀಲ್ ಎಂದು ಹೆಸರು. ಆಸ್ಟ್ರೇಲಿಯಾದ ಒಣ ಬಯಲು ಇದರ ತವರು. ಕಾಕಟೂ ಎಂಬ ಜುಟ್ಟಿನ ಗಿಣಿಗಳ ಕುಲದಲ್ಲಿ ಎಲ್ಲಕ್ಕಿಂತ ಚಿಕ್ಕದು. ಚೆನ್ನಾಗಿ ನೋಡಿಕೊಂಡರೆ ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ. ಗಂಡು ಮಾತಿಗಿಂತ ಸಿಳ್ಳೆಯಲ್ಲಿ ಜಾಣ.

ಇದನ್ನು ಸಾಕಬಹುದೇ ಎಂದು ಕೆಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಮ್ಮ ಹಿತ್ತಲಿನ ಗಿಣಿಮೂತಿ ಮಾವಿಗೆ ದಂಡು ಕಟ್ಟಿ ಬರುವ ಹಸಿರು ಗಿಣಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಿಣಿಶಾಸ್ತ್ರದವನ ಗಿಣಿಗೂ ವಿನಾಯಿತಿ ಇಲ್ಲ. ಆಫ್ರಿಕಾದ ಬೂದು ಗಿಣಿಯಂಥ ಪರದೇಶದ ಹಕ್ಕಿಗಳನ್ನು ಇಟ್ಟುಕೊಂಡವರು 2024ರ ನಿಯಮದಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಕಾಕಟೀಲ್ ಮಾತ್ರ ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆಯುತ್ತಿರುವ ಹಕ್ಕಿ. ಆ ಪಟ್ಟಿಗೆ ಸೇರುವುದಿಲ್ಲ. ಹಾಗೆಂದು ಪುಣ್ಯ ಬರಲಿ ಎಂದು ಬಾಗಿಲು ತೆರೆದು ಹಾರಿಬಿಟ್ಟರೆ ಸಂಜೆಯೊಳಗೆ ಕಾಗೆಯ ಪಾಲಾಗುತ್ತದೆ. ಅದಕ್ಕೆ ಉಳಿದಿರುವುದು ಮನುಷ್ಯರ ಮನೆ. ಯಾರ ಮನೆ ಎಂಬುದಷ್ಟೇ ಪ್ರಶ್ನೆ.

ಮೊದಲ ವಾರ ಚಿಂಟು ಒಂದು ಸದ್ದು ಮಾಡಲಿಲ್ಲ. ಪಂಜರದ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಕೂರುತ್ತಿತ್ತು. ನಾನು ಹತ್ತಿರ ಹೋದರೆ ಜುಟ್ಟನ್ನು ತಲೆಗೆ ಅಂಟಿಸಿಕೊಂಡು ಹಾವಿನಂತೆ ಬುಸ್ಸೆನ್ನುತ್ತಿತ್ತು. ಪಾಠ ಮಾಡಿದವನ ದುರಭ್ಯಾಸ ನೋಡಿ, ಸುಮ್ಮನೆ ಕೂರುವವರನ್ನು ಕಂಡರೆ ನನಗೆ ತಡೆಯದು. "ಚಿಂಟು ಬಾ, ಹಣ್ಣು ತಿನ್ನು" ಎಂದು ದಿನಕ್ಕೆ ಇಪ್ಪತ್ತು ಸಲ ಸೀಬೆಹಣ್ಣಿನ ಚೂರು ಹಿಡಿದು ಕೈ ಒಳಗೆ ಹಾಕಿದೆ. ಇಪ್ಪತ್ತೊಂದನೆಯ ಸಲ ಅದು ಬೆರಳು ಕಚ್ಚಿತು. ರಕ್ತ ಬಂತು.

ಪಕ್ಕದ ಮನೆಯ ಅಜ್ಜಿ ರೇಷ್ಮೆ ಹುಳು ಸಾಕಿ ಮೂರು ಮಕ್ಕಳ ಮದುವೆ ಮಾಡಿದವರು. ಬೆರಳಿನ ಪಟ್ಟಿ ನೋಡಿ ನಕ್ಕರು. "ಮೇಷ್ಟ್ರೆ, ನೀವು ಹುಳ ಸಾಕ್ದೋರಲ್ಲ, ಅದ್ಕೇ ಹಿಂಗೆ. ಜ್ವರಕ್ಕೆ ಕೂತಿರೋ ಹುಳೀನ ಯಾರಾದ್ರೂ ಮುಟ್ತಾರಾ? ಸೊಪ್ಪು ಹಾಕ್ತಾರಾ? ಈ ಹಕ್ಕೀನೂ ಜ್ವರಕ್ಕೆ ಕೂತದೆ. ಬುಡಿ, ತಾನಾಗೇ ಏಳ್ಲಿ."

ರೇಷ್ಮೆಯ ಸೀಮೆಯವರಲ್ಲದ ಓದುಗರಿಗೆ ಒಂದು ಮಾತು. ಗೂಡು ಕಟ್ಟುವ ಮುಂಚೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಹುಳು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಕಲ್ಲಿನಂತೆ ಕೂರುತ್ತದೆ. ಹಳೆಯ ಚರ್ಮ ಬಿಗಿಯಾಗಿದೆ, ಹೊಸದು ಇನ್ನೂ ಮೈಗೆ ಹತ್ತಿಲ್ಲ. ಆ ಹೊತ್ತಿನಲ್ಲಿ ಅದನ್ನು ಅಲುಗಿಸಬಾರದು.

ಅಜ್ಜಿಯ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಮರುದಿನದಿಂದ ಪಂಜರದ ಹತ್ತಿರ ಸುಳಿಯುವುದನ್ನೇ ಬಿಟ್ಟೆ. ನಾಗವರ್ಮ ಕನ್ನಡಿಸಿದ ಬಾಣನ 'ಕಾದಂಬರಿ'ಯಲ್ಲೂ ಇಂಥದ್ದೇ ಒಂದು ಗಿಣಿ ಇದೆಯಲ್ಲ! ಬೂರುಗದ ಮರದ ಪೊಟರೆಯಲ್ಲಿ ಹುಟ್ಟಿ, ಬೇಡನ ಕೈಯಲ್ಲಿ ತಂದೆಯನ್ನು ಕಳೆದುಕೊಂಡು, ಋಷಿಯ ಆಶ್ರಮದಲ್ಲಿ ಬೆಳೆದು, ಕೊನೆಗೆ ಚಾಂಡಾಲ ಕನ್ಯೆಯ ಕೈಯಿಂದ ಶೂದ್ರಕ ರಾಜನ ಆಸ್ಥಾನಕ್ಕೆ ಬಂದ ವೈಶಂಪಾಯನ. ಬಂದ ದಿನವೇ ಬಲಗಾಲೆತ್ತಿ ರಾಜನನ್ನು ಹರಸಿ, ತನ್ನ ಹಿಂದಿನದನ್ನೆಲ್ಲ ಹೇಳಿತು. ನಮ್ಮ ವೈಶಂಪಾಯನನೂ ಜ್ವರದಿಂದ ಎದ್ದ ಮೇಲೆ ತಾನಾಗಿ ಹೇಳಲಿ ಎಂದು ಜಗುಲಿಯಲ್ಲಿ ಪೇಪರು ಓದುತ್ತ ಕುಳಿತೆ. ದಿನಾ ಬೆಳಿಗ್ಗೆ ದೂರದಿಂದ ಬಟ್ಟಲ ಕಡೆ ನೋಡುವುದು, ನವಣೆ ತುಂಬಿದೆ ಎಂದು ಸಮಾಧಾನಪಡುವುದು, ನೀರು ಬದಲಿಸುವುದು. ಹೀಗೆ ನಾಲ್ಕು ದಿನ.

ಭಾನುವಾರ ಹಾಳೆಯಲ್ಲಿದ್ದಂತೆ ತಕ್ಕಡಿ ಇಟ್ಟೆ. ಹಕ್ಕಿ ಮೆಲ್ಲಗೆ ಬಂದು ಹತ್ತಿತು. 81 ಗ್ರಾಂ.

92ರಿಂದ 81! ನಮ್ಮ ಲೆಕ್ಕದಲ್ಲಿ ಅರವತ್ತು ಕೆಜಿಯ ಮನುಷ್ಯ ಏಳು ಕೆಜಿ ಇಳಿದಂತೆ. "ಬಟ್ಟಲು ತುಂಬಿದೆ, ತಿನ್ನೋದೇ ಇಲ್ಲ, ಕೊರಗಿ ಸಾಯುತ್ತೇನೋ" ಎಂದೆ. ನನ್ನಾಕೆ ಒಳಗಿನಿಂದ ಬಂದವಳು ಬಟ್ಟಲನ್ನು ಹೊರಗೆ ತೆಗೆದು ಒಮ್ಮೆ ಉಫ್ ಎಂದು ಊದಿದಳು. ಹಜಾರದ ತುಂಬ ಹೊಟ್ಟು ಹಾರಿತು. ತಳದಲ್ಲಿ ನಾಲ್ಕು ಕಾಳು ಇರಲಿಲ್ಲ.

ಹಕ್ಕಿ ನವಣೆಯನ್ನು ನುಂಗುವುದಿಲ್ಲ. ಕೊಕ್ಕಿನಲ್ಲಿ ಸುಲಿದು ಕಾಳು ತಿಂದು ಸಿಪ್ಪೆಯನ್ನು ಅಲ್ಲೇ ಉದುರಿಸುತ್ತದೆ. ತುಂಬಿದ ಬಟ್ಟಲಿನಂತೆ ಕಂಡದ್ದು ಬರೀ ಸಿಪ್ಪೆ. "ರಾಗಿ ತೂರೋ ಊರಲ್ಲಿ ಹುಟ್ಟಿ ಕಾಳು ಯಾವುದು ಹೊಟ್ಟು ಯಾವುದು ತಿಳೀಲಿಲ್ವೇನೂಂದ್ರೆ?" ಎಂದಳು. ನಾನು ಉತ್ತರ ಕೊಡಲಿಲ್ಲ. ಕೊಡುವಂಥದ್ದು ಇರಲಿಲ್ಲ. ಆ ಹಕ್ಕಿ ಹಸಿದು ಒಂದು ದಿನವೂ ಕೂಗಲಿಲ್ಲ ಎಂಬುದು ಮಾತ್ರ ಆ ರಾತ್ರಿ ನಿದ್ದೆಗೆಡಿಸಿತು. ಹಕ್ಕಿಗಳು ಸಂಕಟವನ್ನು ಮುಚ್ಚಿಡುತ್ತವಂತೆ. ಗುಂಪಿನಲ್ಲಿ ನಿತ್ರಾಣವಾಗಿ ಕಂಡದ್ದನ್ನೇ ಗಿಡುಗ ಆರಿಸುತ್ತದೆ. 'ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟಂತೆ' ಎಂಬ ಗಾದೆಯಲ್ಲಿ ಗಿಡುಗ ಯಾರು ಎಂದು ನನಗೆ ಗೊತ್ತಾಯಿತು.

ಅಜ್ಜಿಗೆ ಹೇಳಿದೆ. ಅವರು ಬೈದರು. "ಜ್ವರಕ್ಕೆ ಕೂತ ಹುಳೀನ ಮುಟ್ಟಬ್ಯಾಡಿ ಅಂದೆ. ನೋಡಬ್ಯಾಡಿ ಅಂದ್ನಾ? ರಾತ್ರಿ ಮೂರು ಸಲ ಎದ್ದು ದೀಪ ಹಿಡ್ಕಂಡು ನೋಡ್ತೀವಿ ನಾವು."

ಅಂದಿನಿಂದ ನಾನು ನೋಡುವುದನ್ನು ಕಲಿಯತೊಡಗಿದೆ. ಜುಟ್ಟು ನೆಟ್ಟಗೆ ನಿಂತರೆ ಗಾಬರಿ ಇಲ್ಲವೇ ಕುತೂಹಲ; ತಲೆಗೆ ಅಂಟಿದರೆ ಸಿಟ್ಟು; ಅರ್ಧ ಬಾಗಿದ್ದರೆ ನೆಮ್ಮದಿ. ಕಣ್ಣು ಮುಚ್ಚಿ ಕೊಕ್ಕನ್ನು ಕರಕರ ಮಸೆಯುತ್ತಿದ್ದರೆ ನಿದ್ದೆಗೆ ಜಾರುತ್ತಿದೆ. ಬರೀ ಸೂರ್ಯಕಾಂತಿ ಬೀಜ ತಿಂದರೆ ಕೊಬ್ಬು ಹೆಚ್ಚು. ನವಣೆ, ಸಜ್ಜೆಯ ಜೊತೆಗೆ ನುಗ್ಗೆ ಸೊಪ್ಪು, ಕ್ಯಾರೆಟ್ ಕೊಡಬೇಕು. ಬೆಣ್ಣೆಹಣ್ಣು, ಚಾಕೊಲೇಟು ವಿಷ. ಪುಪ್ಪುಸ ಬಹಳ ಸೂಕ್ಷ್ಮ. ಕಾದು ಹೊಗೆಯಾಡುವ ನಾನ್‌ಸ್ಟಿಕ್ ಬಾಣಲೆಯ ಆವಿಯೇ ಪ್ರಾಣ ತೆಗೆದೀತು. ಇದನ್ನು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಹುಳು ಮನೆಯ ಹತ್ತಿರ ಔಷಧಿ ಹೊಡೆಯಬಾರದೆಂದು ಬಲ್ಲವರು ಅವರು. ಬ್ಲೀಚಿಂಗ್ ಪುಡಿ ಹಾಕಿ ಹುಳು ಮನೆ ತೊಳೆಯುವ ದಿನ ಅಜ್ಜಿ ಮುಂಚಿತವಾಗಿ ಹೇಳಿ ಕಳಿಸುತ್ತಾರೆ; ನಾವು ಪಂಜರವನ್ನು ಹಿಂದಿನ ಕೋಣೆಗೆ ಒಯ್ಯುತ್ತೇವೆ.

ರಾಗಿ ಕೊಯ್ಲಿನ ಕಾಲದಲ್ಲಿ ಇನ್ನೊಂದು ಅನಾಹುತ. ನಮ್ಮದು ಕಾಡಂಚಿನ ಸೀಮೆ. ತೆನೆ ಬಲಿಯುವ ಹೊತ್ತಿಗೆ ಆನೆಗಳು ಬರುತ್ತವೆ, ರೈತರು ರಾತ್ರಿ ಪಟಾಕಿ ಹೊಡೆಯುತ್ತಾರೆ. ಒಂದು ರಾತ್ರಿ ಆ ಸದ್ದಿಗೆ ಚಿಂಟು ಕತ್ತಲೆಯಲ್ಲಿ ಪಂಜರದ ಕಂಬಿಗೆ ಬಡಬಡ ಬಡಿದುಕೊಂಡಿತು. ಹೊಸದಾಗಿ ಮೂಡುತ್ತಿದ್ದ ಗರಿ ಮುರಿದು ರಕ್ತ. ಕಾಕಟೀಲುಗಳಿಗೆ ಈ ರಾತ್ರಿ ಗಾಬರಿ ಹೆಚ್ಚಂತೆ. ಅಂದಿನಿಂದ ರಾತ್ರಿಯೆಲ್ಲ ಒಂದು ಝೀರೋ ಬಲ್ಬು ಉರಿಯುತ್ತದೆ. ಆ ರಾತ್ರಿ ಪಂಜರದ ಪಕ್ಕ ಚಾಪೆ ಹಾಕಿಕೊಂಡು ಮಲಗಿದವಳು ನನ್ನಾಕೆ. ನನಗಿಂತ ಮೊದಲು ಹಕ್ಕಿ ಹೆಗಲೇರಿದ್ದೂ ಅವಳದೇ.

ಇಷ್ಟಾದರೂ ಒಂದು ವಿಷಯ ಬಗೆಹರಿದಿರಲಿಲ್ಲ. ಮೂರನೆಯ ವಾರದಿಂದ ಚಿಂಟು ಸಿಳ್ಳೆ ಹಾಕತೊಡಗಿತ್ತು. ಆದರೆ ದಿನಕ್ಕೆ ಒಂದೇ ಹೊತ್ತು, ಸಾಯಂಕಾಲ ನಾಲ್ಕೂವರೆಗೆ. ಬಾಗಿಲ ಕಡೆ ಮುಖ ಮಾಡಿ, ಜುಟ್ಟು ನೆಟ್ಟಗೆ ನಿಲ್ಲಿಸಿ, ಕೋಲಿನ ಮೇಲೆ ಅತ್ತಿಂದಿತ್ತ ಓಡಾಡುತ್ತ, ಒಂದು ಕೆಳಗಿನ ಸ್ವರ, ಒಂದು ಮೇಲಿನ ಸ್ವರ. ಹತ್ತು ಹದಿನೈದು ನಿಮಿಷ. ಆಮೇಲೆ ಗರಿ ಉಬ್ಬಿಸಿಕೊಂಡು ಮೌನ. ಹಸಿವೇ ಎಂದು ಕಾಳು ಹಾಕಿದೆವು, ಹಲ್ಲಿಯೇ ಎಂದು ಗೋಡೆ ಹುಡುಕಿದೆವು, ಬಿಸಿಲೇ ಎಂದು ಪರದೆ ಎಳೆದೆವು. ಹದಿನಾಲ್ಕು ಅಂಶಗಳ ಹಾಳೆಯಲ್ಲಿ ಇದರ ಸುದ್ದಿ ಇರಲಿಲ್ಲ.

ಸಂಕ್ರಾಂತಿಯ ದಿನ ಕೆನಡಾದಿಂದ ಫೋನು ಬಂದಾಗ ಕೇಳಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ತಾತ, ಅದು ನನ್ನ ಸ್ಕೂಲ್ ವ್ಯಾನ್ ಬರೋ ಟೈಮು. ಗೇಟಿಂದ ನಾನು ಸಿಳ್ಳೆ ಹಾಕ್ತಿದ್ದೆ, ಒಳಗಿಂದ ಅವನು ಹಾಕ್ತಿದ್ದ" ಎಂದಳು.

ಗುಂಪಿನಲ್ಲಿ ಬಾಳುವ ಹಕ್ಕಿಗಳು ಕಣ್ಮರೆಯಾದ ಜೊತೆಗಾರನನ್ನು ಹೀಗೆ ಕೂಗಿ ಕರೆಯುತ್ತವೆ. ನಾನಿಲ್ಲಿದ್ದೇನೆ, ನೀನೆಲ್ಲಿ, ಅಷ್ಟೇ ಅದರ ಅರ್ಥ. ಎರಡು ತಿಂಗಳು ನಮ್ಮ ಹಜಾರದಲ್ಲಿ ಅದು ದಿನಾ ಆ ಪ್ರಶ್ನೆ ಕೇಳುತ್ತಿತ್ತು. ನಾವು ಕಾಳು ಹಾಕುತ್ತಿದ್ದೆವು.

ಅವಳ ಸಿಳ್ಳೆಯನ್ನು ಫೋನಿನಲ್ಲಿ ಕಳಿಸಲು ಹೇಳಿದೆವು. ಸಂಜೆ ಕೇಳಿಸಿದರೆ ಹಕ್ಕಿ ಹುಚ್ಚಾದಂತೆ ಹಾರಿ ಬಂದು ಫೋನಿನ ಮುಂದೆ ನೋಡಿತು, ಹಿಂದೆ ನೋಡಿತು, ಬಾಗಿಲಿಗೆ ಹೋಯಿತು, ಮತ್ತೆ ಫೋನಿಗೆ ಬಂತು. ನನ್ನಾಕೆ ಕಿತ್ತುಕೊಂಡು ಆರಿಸಿದಳು. "ಮೋಸ ಅದು. ಬೇಡ" ಎಂದಳು. ಮತ್ತೆಂದೂ ಹಾಕಲಿಲ್ಲ. ಕರೆಯುವವರು ಎದುರಿಗಿದ್ದು ಉತ್ತರ ಕೊಡಬೇಕು. ಹಾಗೆ ಶುರುವಾದದ್ದು ನನ್ನ ಸಿಳ್ಳೆ ಪಾಠ. ನನ್ನ ಬಾಯಿಂದ ಬರುವುದು ಮುಕ್ಕಾಲು ಗಾಳಿ, ಕಾಲು ಸ್ವರ. ಬೀದಿಯಲ್ಲಿ ಹೋಗುವ ನನ್ನ ಹಳೆಯ ಶಿಷ್ಯರು ನಿಂತು ಕೇಳಿ, ನಗು ತಡೆದುಕೊಂಡು ನಮಸ್ಕಾರ ಹೇಳಿ ಹೋಗುತ್ತಾರೆ.

ಕಳೆದ ತಿಂಗಳು ಹುಡುಗಿ ಕೇಳಿಯೇಬಿಟ್ಟಳು. "ತಾತ, ಅವನು ನನ್ನ ಮರೆತನಾ?" ಎರಡು ಸುಳ್ಳು ಬಾಯಿಗೆ ಬಂದವು. ಮರೆತಿಲ್ಲಮ್ಮ, ದಿನಾ ನಿನ್ನದೇ ಧ್ಯಾನ ಎಂದರೆ ಅವಳಿಗೆ ಸಂಕಟ. ಮರೆತು ಹಾಯಾಗಿದ್ದಾನೆ ಎಂದರೂ ಸಂಕಟ. ಕಂಡದ್ದನ್ನೇ ಹೇಳಿದೆ. "ನಾಲ್ಕೂವರೆಗೆ ಈಗಲೂ ಬಾಗಿಲ ಕಡೆ ನೋಡಿ ಸಿಳ್ಳೆ ಹಾಕ್ತಾನೆ ಕಣಮ್ಮ. ಹದಿನೈದು ನಿಮಿಷ ಅಲ್ಲ, ಮೂರು ನಾಲ್ಕು ಸಲ. ಆಮೇಲೆ ನನ್ನ ಕಡೆ ತಿರುಗಿ ಒಂದು ಸಲ ಹಾಕ್ತಾನೆ. ನಾನು ತಪ್ಪು ತಪ್ಪಾಗಿ ಹಾಕ್ತೀನಿ. ತೂಕ 90 ಗ್ರಾಂ."

"ಮೇಲಿನ ಸ್ವರ ಉದ್ದಕ್ಕೆ ಎಳೀಬೇಕು ತಾತ," ಎಂದು ಅವಳು ಆ ಕಡೆಯಿಂದ ಹಾಕಿ ತೋರಿಸಿದಳು. ಫೋನನ್ನು ಕಿವಿಗೆ ಒತ್ತಿಕೊಂಡು ಹಿತ್ತಲಿಗೆ ಹೋಗಿದ್ದೆ, ಹಕ್ಕಿಗೆ ಕೇಳಿಸದಿರಲಿ ಎಂದು. ಎರಡು ಸಲ ತಪ್ಪಿತು. ಮೂರನೆಯ ಸಲ ಸುಮಾರಾಗಿ ಬಂತು. ಹಾಳೆಯ ಕೊನೆಯಲ್ಲಿ ಹದಿನೈದನೆಯ ಅಂಶ ಎಂದು ಬರೆದುಕೊಂಡೆ.