2.20 ಅಂದ್ರೆ ಎಷ್ಟು ಎಕರೆ?

ಅಗ್ಗದ ಸಂಬಳಕ್ಕೆ ಕೆಲಸ ಮಾಡುವ ಹೊರದೇಶದವರ ಎದುರು ನಾವು ಉಳಿಯೋದು ಹೇಗೆ ಅಂತ ಅಮೆರಿಕದ ಪ್ರೋಗ್ರಾಮರುಗಳು ಎಷ್ಟೋ ವರ್ಷದಿಂದ ಕೇಳ್ತಾ ಬಂದಿದ್ದಾರೆ. ಆ ಹೊರದೇಶದವರು ಅಂದ್ರೆ ನಾವೇ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, ಆಮೇಲೆ ವೈಟುಕೆ ಕೆಲಸ ಬಂತು, ಕೊನೆಗೆ ಅಲ್ಲಿ ಕೆಲಸ ಕಳ್ಕೊಂಡವರನ್ನು ಕರೆಯೋಕೆ ನಮ್ಮ ರಾಜಧಾನಿಯ ಹೆಸರಿನಿಂದಲೇ 'ಬ್ಯಾಂಗಲೋರ್ಡ್' ಅನ್ನೋ ಪದವೂ ಹುಟ್ಟಿತು.

ಈಗ ಅದೇ ಪ್ರಶ್ನೆ ನಮ್ಮ ಹಾಸ್ಟೆಲ್ ಬಾಗಿಲಿಗೆ ಬಂದು ನಿಂತಿದೆ. 2025ರ ಜುಲೈನಲ್ಲಿ ಟಿಸಿಎಸ್ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹೇರಿತು. ಫ್ರೆಶರುಗಳಿಗೆ ಕೊಡ್ತಿದ್ದ ಸಣ್ಣಪುಟ್ಟ ಕೋಡ್ ಈಗ ಯಂತ್ರವೇ ಬರೀತದೆ. ಅಗ್ಗಕ್ಕೆ ಸಿಗ್ತೀವಿ ಅನ್ನೋದೇ ನಮ್ಮ ಬಂಡವಾಳ ಆಗಿದ್ರೆ, ನಮಗಿಂತ ಅಗ್ಗದ್ದು ಬಂದ ದಿನ ಆ ಬಂಡವಾಳ ಮುಗೀತು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯಿಂದ ಸಾಲ ಮಾಡಿ ಓದಿಸ್ತಿರೋ ಮನೆಗಳಿಗೆ ಇದು ಬರೀ ಪೇಪರ್ ಸುದ್ದಿ ಅಲ್ಲ.

ಕಿತ್ತೂರಿನ ಹತ್ತಿರದ ದೇಗಾಂವವನ್ನೇ ತಗೊಳ್ಳಿ. ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯಿಂದ ಹೆಸರಾದ ಊರು. ಅಲ್ಲಿ ಕೂತು ನೋಡಿದ್ರೆ ಬೆಂಗಳೂರೂ ಆಫ್‌ಶೋರೇ, ಪುಣೆಯೂ ಆಫ್‌ಶೋರೇ. ಇಂಥ ಊರಿನ ಸೊಸೈಟಿಗೋ ಗೊಬ್ಬರದಂಗಡಿಗೋ ಸಾಫ್ಟ್‌ವೇರ್ ಬೇಕಾದ್ರೆ ಅದು ದೂರದ ಶಹರದಿಂದ ಬರ್ತದೆ. ಅದನ್ನ ಬರೆದವರು ಗುಂಟೆ ಲೆಕ್ಕ ಮಾಡಿದವರಾಗಿರಬೇಕು ಅಂತೇನಿಲ್ಲ.

ನಮ್ಮ ವಾದ ಈ ಗುಂಟೆಯ ಮೇಲೇ ನಿಂತಿದೆ. ಉತಾರದಲ್ಲಿ 2.20 ಅಂತಿದ್ರೆ ಅದು ಎರಡೂಕಾಲು ಎಕರೆಗಿಂತ ಸ್ವಲ್ಪ ಕಡಿಮೆ ಅಲ್ಲ. 2 ಎಕರೆ 20 ಗುಂಟೆ, ಅಂದ್ರೆ ಎರಡೂವರೆ ಎಕರೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಇದನ್ನ ಡೇಟಾಬೇಸಿನಲ್ಲಿ ದಶಮಾಂಶ ಅಂತ ಇಟ್ಟು 2.20ಕ್ಕೆ 1.25 ಕೂಡಿಸಿದ್ರೆ 3.45 ಬರ್ತದೆ. ನಿಜವಾದ ಉತ್ತರ 4 ಎಕರೆ 5 ಗುಂಟೆ. 45 ಗುಂಟೆ ಅನ್ನೋ ಬರಹವೇ ತಪ್ಪು ಅಂತ ಊರಿನ ಯಾವ ಅಜ್ಜನಾದ್ರೂ ಹೇಳ್ತಾನ. ಸಾಲ, ವಿಮೆ, ಬೆಳೆ ಪರಿಹಾರ ಎಲ್ಲಾ ಈ ಲೆಕ್ಕದ ಮೇಲೇ ನಡೀತವೆ. ಹೆಸರಿನ ಕಥೆಯೂ ಹಿಂಗೇ. ಉತಾರದಲ್ಲಿ ಕನ್ನಡ, ಆಧಾರಿನಲ್ಲಿ ಇಂಗ್ಲಿಷ್, ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ಒಂದೇ ಓಣಿಯಲ್ಲಿ ನಾಲ್ಕು ಜನ ಬಸಪ್ಪ. ಹಳೇ ಕಡತ ನುಡಿ ಫಾಂಟಿನಲ್ಲಿದ್ರೆ ಯುನಿಕೋಡಿಗೆ ತರುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂಡ್ತವೆ. ಇವೆಲ್ಲ ಸಣ್ಣ ಸಮಸ್ಯೆ ಅಂತ ಕಂಡ್ರೆ ನೀವು ಇನ್ನೂ ತಹಶೀಲ್ದಾರ್ ಕಚೇರಿಯ ಪಾಳಿಯಲ್ಲಿ ನಿಂತಿಲ್ಲ ಅಂತ ಅರ್ಥ.

2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶಕ್ಕೆಲ್ಲ ಒಂದೇ ಸಾಫ್ಟ್‌ವೇರ್, ನಬಾರ್ಡ್ ಮೂಲಕ. ಅದರ ಜೊತೆ ಪೈಪೋಟಿಗೆ ಇಳಿಯೋದು ಹುಚ್ಚುತನ. ಆದ್ರೆ ಹಳೇ ಲೆಡ್ಜರಿನ ಬಾಕಿ ಸರಿಯಾಗಿ ಏರಿಸೋದು, ಕಾರ್ಯದರ್ಶಿಗೆ ಕಲಿಸೋದು, ಸಂಘ ನಡೆಸೋ ಗೊಬ್ಬರ-ಬೀಜದ ವ್ಯಾಪಾರಕ್ಕೆ ಬೇಕಾದ ಜೋಡಣೆ ಮಾಡೋದು ದಿಲ್ಲಿಯಿಂದ ಆಗೋ ಕೆಲಸ ಅಲ್ಲ. 1905ರಲ್ಲೇ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಇಲ್ಲೇ ಗದಗ ಜಿಲ್ಲೆಯಲ್ಲಿದೆ. ಸೊಸೈಟಿ ಹೆಂಗ ನಡೀತದೆ ಅಂತ ನಮಗೆ ಹೊರಗಿನವರು ಹೇಳಿಕೊಡಬೇಕಿಲ್ಲ.

"ಹಳ್ಳ್ಯಾಗ ರೊಕ್ಕ ಎಲ್ಲೈತಿ?" ಅಂತ ನೀವು ಕೇಳ್ತೀರಿ. ಸರಿಯಾದ ಪ್ರಶ್ನೆ. "ತಮ್ಮಾ, ಒಂದು ಸಾಫ್ಟ್‌ವೇರ್ ಮಾಡಿ ಕೊಡು, ಚಾ ಕುಡಸ್ತೀನಿ" ಅನ್ನೋರೇ ಜಾಸ್ತಿ. ಒಂದು ಅಂಗಡಿಯಿಂದ ಹೊಟ್ಟೆ ತುಂಬೋದಿಲ್ಲ, ನಿಜ. ಆದ್ರೆ ಟ್ಯಾಲಿ ಹುಟ್ಟಿದ್ದು ಹೇಗೆ ನೋಡಿ. ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ಇಡೋಕೆ ಒಗ್ಗುವ ಸಾಫ್ಟ್‌ವೇರ್ ಸಿಗಲಿಲ್ಲ, ಮಗ ಭರತ್‌ಗೆ ಬರೆಯೋಕೆ ಹೇಳಿದರು. 1986ರಲ್ಲಿ ಕಂಪನಿ ಶುರುವಾಯ್ತು. ಒಬ್ಬ ವ್ಯಾಪಾರಿಯ ತಲೆನೋವು ದೇಶದ ಲಕ್ಷಾಂತರ ವ್ಯಾಪಾರಿಗಳ ತಲೆನೋವೂ ಆಗಿತ್ತು. ದೇಗಾಂವದ ಗುಂಟೆ ಕೂಡ ದೇಗಾಂವದ್ದಷ್ಟೇ ಅಲ್ಲ, ರಾಜ್ಯದ ತುಂಬ ಐತಿ.

ನಮ್ಮೂರ ಹುಡುಗರು ಅಂತ ಕನಿಕರದಿಂದ ಕೆಲಸ ಕೊಡಿ ಅಂತ ನಾವು ಕೇಳಬಾರದು. ಪುಕ್ಕಟೆಯೂ ಮಾಡಬಾರದು. ಪುಕ್ಕಟೆ ಕೊಟ್ಟಿದ್ದಕ್ಕೆ ಮುಂದಿನ ವರ್ಷ ಯಾರೂ ಫೋನ್ ಎತ್ತಲ್ಲ, ಕೊಟ್ಟವನೂ ಎತ್ತಲ್ಲ. ವರ್ಷಕ್ಕಿಷ್ಟು ಅಂತ ದುಡ್ಡು ತಗೊಂಡು, ಸೀಜನ್ನಿನಲ್ಲಿ ಸಿಸ್ಟಮ್ ನಿಂತ್ರೆ ಅರ್ಧ ತಾಸಿನಲ್ಲಿ ಬೈಕ್ ಮೇಲೆ ಹೋಗಿ ನಿಲ್ಲೋದು, ಅದು ದೂರದವರಿಗೆ ಎಷ್ಟು ಅಗ್ಗ ಮಾಡಿದ್ರೂ ಆಗದ ಕೆಲಸ. ಬೆಂಗಳೂರಿಗೆ ಹೋಗೋರು ಹೋಗಲಿ, ನಮ್ಮಲ್ಲೂ ಅರ್ಧ ಜನ ಹೋಗ್ತೀವಿ. ಆದ್ರೆ ಬೇರೆ ದಾರಿಯೇ ಇಲ್ಲ ಅಂತ ಹೋಗೋದು ಬೇರೆ.

ಈ ವರ್ಷದ ಫೈನಲ್ ಇಯರ್ ಪ್ರಾಜೆಕ್ಟ್ ಪಟ್ಟಿ ಇನ್ನೂ ಖಾಲಿ ಇದೆ. ಮತ್ತೊಂದು ಹಾಜರಾತಿ ಆ್ಯಪ್ ಬೇಡ, ದಯವಿಟ್ಟು. ಬೈಲಹೊಂಗಲದ ಹತ್ತಿ ವ್ಯಾಪಾರಿ, ರಾಮದುರ್ಗದ ನೇಕಾರರ ಸಂಘ, ನಿಮ್ಮೂರಿನ ಸೊಸೈಟಿ, ಇವುಗಳಲ್ಲಿ ಒಂದನ್ನ ಆರಿಸಿಕೊಂಡು ಎರಡು ದಿನ ಸುಮ್ಮನೆ ಅವರ ಗಲ್ಲೆಯ ಪಕ್ಕ ಕೂತು ಬನ್ನಿ. ಲ್ಯಾಪ್‌ಟಾಪ್ ಮನೆಯಲ್ಲೇ ಇರಲಿ. ಒಂದು ನೋಟ್‌ಬುಕ್ ಸಾಕು.