‘ಅಂತೆ’ಯ ಸಾಕ್ಷ್ಯ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕಂಡದ್ದಕ್ಕೇ ಇಷ್ಟು ಎಚ್ಚರ ಬೇಕಾದರೆ, ಬರಿದೆ ಕೇಳಿದ್ದಕ್ಕೆ ಇನ್ನೆಷ್ಟು ಬೇಕು?

ಕಳೆದ ವರ್ಷ ಮಂಡಿ ಮೊಹಲ್ಲಾದ ನಮ್ಮ ಬೀದಿಯ ಅಂಗಡಿಯೊಂದರಲ್ಲಿ ಹಣದ ಚೀಲ ಕಾಣೆಯಾಯಿತು. ಮೂಟೆ ಹೊರುವ ಹುಡುಗ ‘ಕದ್ದನಂತೆ’ ಎಂದರು. ಮೂರನೆಯ ಬಾಯಿಗೆ ಹೋಗುವಾಗ ‘ಅಂತೆ’ ಉದುರಿ ‘ಕದ್ದ’ ಎಂದಷ್ಟೇ ಉಳಿಯಿತು. ಹಾಗೆಯೇ ನಾನೂ ಮನೆಯಲ್ಲಿ ಹೇಳಿದೆ. ನಾಲ್ಕನೆಯ ದಿನ ಚೀಲ ಮೂಟೆಗಳ ಸಂದಿಯಲ್ಲಿ ಸಿಕ್ಕಿತು. ವಿಚಾರಿಸಿದರೆ ಕಂಡವರು ಒಬ್ಬರೂ ಇಲ್ಲ; ಎಲ್ಲರೂ ಕೇಳಿದವರೇ. ಹುಡುಗ ಮಾತ್ರ ಮತ್ತೆ ಕೆಲಸಕ್ಕೆ ಬರಲಿಲ್ಲ.

ನ್ಯಾಯಾಲಯ ಈ ‘ಅಂತೆ’ಯನ್ನು ಬಾಗಿಲಲ್ಲೇ ತಡೆಯುತ್ತದೆ. ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು, ಕಂಡ ಸಂಗತಿಯನ್ನು ಕಂಡವನೇ ಬಂದು ನುಡಿಯಬೇಕು ಎಂದು 1872ರ ಸಾಕ್ಷ್ಯ ಅಧಿನಿಯಮದ 60ನೆಯ ಕಲಂ ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 55ನೆಯ ಕಲಮೂ ಅದನ್ನೇ ಹೇಳುತ್ತದೆ. ಮರಣಕಾಲದ ಹೇಳಿಕೆಯಂಥ ಅಪವಾದಗಳುಂಟು. ಸತ್ತವನನ್ನು ಕರೆಸಲಾಗದು, ಅವನ ಮಾತನ್ನು ತಳ್ಳಿಬಿಟ್ಟರೆ ಲಾಭ ಕೊಂದವನಿಗೇ.

ಕಾನೂನರಿಯದ ಜ್ಯೂರಿಗಳು ಮರುಳಾಗದಿರಲೆಂದೇ ಈ ನಿಯಮ ಹುಟ್ಟಿತೆಂದು ಕೆಲವರ ವಾದ. ಇಂಗ್ಲೆಂಡಿನಲ್ಲಿ 1603ರಲ್ಲಿ ಸರ್ ವಾಲ್ಟರ್ ರ‍್ಯಾಲಿ, ತನ್ನ ಮೇಲೆ ದೂರು ಹೇಳಿದ್ದ ಲಾರ್ಡ್ ಕಾಬಮನನ್ನು ಎದುರಿಗೆ ಕರೆಸಿರೆಂದು ಬೇಡಿಕೊಂಡ. ಕರೆಸಲಿಲ್ಲ, ಜ್ಯೂರಿ ಅವನನ್ನು ಅಪರಾಧಿಯೆಂದಿತು. ನಮ್ಮಲ್ಲಾದರೋ 1973ರ ದಂಡ ಪ್ರಕ್ರಿಯಾ ಸಂಹಿತೆ ಜ್ಯೂರಿಯನ್ನೇ ಕೈಬಿಟ್ಟಿತು. ನಿಯಮ ಮಾತ್ರ ಉಳಿಯಿತು. ಇದು ಸರಿ ಎಂದೇ ನನ್ನ ಅಭಿಪ್ರಾಯ. ಕೇಳಿದವನನ್ನು ಎಷ್ಟು ಪಾಟಿ ಸವಾಲಿಗೆ ಒಳಪಡಿಸಿದರೂ, ಕಂಡವನ ಕಣ್ಣು ಮಬ್ಬಾಗಿತ್ತೆ, ಮನಸ್ಸಿನಲ್ಲಿ ಹಗೆಯಿತ್ತೆ ಎಂಬುದು ತಿಳಿಯದು. ತೀರ್ಪು ಕೊಡುವವನು ನ್ಯಾಯಾಧೀಶನಾದರೂ ಈ ಕೊರತೆ ತೀರದು.

ನ್ಯಾಯಾಲಯದಿಂದ ಹೊರಟ ಜ್ಯೂರಿ ಈಗ ಬೀದಿಯಲ್ಲಿ ಕುಳಿತಿದೆ. 2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ಪರಊರಿನವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಹಬ್ಬಿದ ಮಾತು ನಂಬಿ ಜನ ಹೊಡೆದರು. ಒಬ್ಬ ತರುಣ ಸತ್ತ. ಅಲ್ಲಿ ಸಾಕ್ಷಿಯೂ ಇಲ್ಲ, ಸವಾಲೂ ಇಲ್ಲ. ಶಿಕ್ಷೆ ಮಾತ್ರ ಆಯಿತು.

ಮಿತ್ರರೆ, ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಂದು ನಾನಾಡಿದ ಮಾತನ್ನು ನಮ್ಮಮ್ಮ ನೆರೆಯವರಿಗೆ ಹೇಳಿ, ‘ಓದಿದ ಹುಡುಗ ಸುಳ್ಳು ಹೇಳುತ್ತಾನೆಯೆ?’ ಎಂದಳು. ನಮ್ಮ ಓದಿಗೆ ಜನ ಇಡುವ ನಂಬಿಕೆ ಅಷ್ಟು ದೊಡ್ಡದು. ಆದುದರಿಂದ ಕೇಳಿದ್ದನ್ನು ಹೇಳಲೇಬೇಕಾದರೆ ‘ಅಂತೆ’ಯನ್ನು ಉದುರಿಸದೆ ಹೇಳೋಣ, ಹೇಳುವ ಮೊದಲು ‘ಕಂಡವರು ಯಾರು?’ ಎಂದು ಕೇಳೋಣ.