ದಾಟಿಸುವವನಿಗೆ ಗಂಟಿನ ಮೇಲೆ ಹಕ್ಕಿಲ್ಲ



ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ ಮುಕ್ತೇಶ್ವರನ ಗುಡಿಯ ಸಮೀಪದಲ್ಲಿಯೇ ತುಂಗಭದ್ರೆ ಹರಿಯುತ್ತಾಳೆ. ಈ ನದಿಯ ದಡದಲ್ಲಿಯೇ ನಿಜಶರಣ ಅಂಬಿಗರ ಚೌಡಯ್ಯನವರು ದೋಣಿ ನಡೆಸುವ ಕಾಯಕ ಕೈಗೊಂಡಿದ್ದರೆಂದು ನಮ್ಮ ಸೀಮೆಯ ಪರಂಪರೆ ನಂಬಿಕೊಂಡು ಬಂದಿದೆ. ಅವರ ಇನ್ನೂರಕ್ಕೂ ಹೆಚ್ಚು ವಚನಗಳು ಇಂದು ಉಪಲಬ್ಧವಾಗಿವೆ. ಕಪಟವನ್ನು ಕಂಡಲ್ಲಿ ಯಾವ ದಾಕ್ಷಿಣ್ಯವೂ ಇಲ್ಲದೆ ನೇರವಾಗಿ ನುಡಿದ ಮಹಾನುಭಾವರು ಅವರು.

ಅಂಬಿಗನ ಕಾಯಕಧರ್ಮವೇನು? ದೋಣಿಯೇರಿದವನನ್ನು ಕ್ಷೇಮವಾಗಿ ಆಚೆಯ ದಡಕ್ಕೆ ಮುಟ್ಟಿಸುವುದು. ಅದಕ್ಕೆ ತಕ್ಕ ಕೂಲಿಯನ್ನು ಪಡೆಯುವುದು. ಪ್ರಯಾಣಿಕನ ಗಂಟಿನಲ್ಲಿ ರೊಟ್ಟಿ ಬುತ್ತಿಯಿದೆಯೋ ಬಂಗಾರವಿದೆಯೋ, ಆತನು ಮಗಳನ್ನು ನೋಡಲು ಹೊರಟನೋ ಸಾಲ ಕೇಳಲು ಹೊರಟನೋ ಎಂಬುದು ಅಂಬಿಗನಿಗೆ ಬೇಡದ ವಿಚಾರ. ಕೂಲಿಯನ್ನೂ ಪಡೆದು, ಗಂಟನ್ನೂ ಬಿಚ್ಚಿ ನೋಡಿ, ಕಂಡದ್ದನ್ನು ದಡದ ಮೇಲಿನ ವರ್ತಕನಿಗೆ ಹಣಕ್ಕೆ ಹೇಳುವ ಅಂಬಿಗನನ್ನು ಚೌಡಯ್ಯನವರು ಏನೆಂದು ಕರೆಯುತ್ತಿದ್ದರು ಎಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಇಂದು ಮನೆಮನೆಗೆ ಅಂತರ್ಜಾಲ ಸಂಪರ್ಕ ಒದಗಿಸುವ ಸಂಸ್ಥೆಗಳು ಈ ಕಾಲದ ಅಂಬಿಗರು. ನಾವು ಯಾವ ಜಾಲತಾಣಕ್ಕೆ ಹೋದರೂ ಅವರ ದೋಣಿಯಲ್ಲಿಯೇ ಹೋಗಬೇಕು. ಈಗ ಹೆಚ್ಚಿನ ತಾಣಗಳಲ್ಲಿ ಪುಟದೊಳಗಿನ ಬರಹವು ಗೂಢಲಿಪಿಯಲ್ಲಿ ಸಾಗುತ್ತದೆ. ಅಂಟಿಸಿದ ಲಕೋಟೆಯೊಳಗಿನ ಪತ್ರದಂತೆ ಅದು ಅವರಿಗೆ ಕಾಣದು. ಆದರೆ ಲಕೋಟೆಯ ಮೇಲಿನ ವಿಳಾಸ ಸಾಮಾನ್ಯವಾಗಿ ಕಾಣುತ್ತದೆ. ಯಾವ ಮನೆಯಿಂದ, ಯಾವ ಹೊತ್ತಿನಲ್ಲಿ, ಯಾವ ತಾಣಕ್ಕೆ, ಎಷ್ಟು ಸಲ ಎಂಬುದಿಷ್ಟೇ ಸಾಕು. ಬೀಜೋತ್ಪಾದನೆ ಮಾಡುವ ರೈತನು ಬ್ಯಾಂಕುಗಳ ತಾಣಗಳನ್ನು ಒಂದರ ಹಿಂದೊಂದು ನೋಡಿದರೆ ಆತನ ಅಡಚಣೆ ತಿಳಿಯುತ್ತದೆ. ಹೆತ್ತ ತಾಯಿಗೂ ಹೇಳದ ಕಾಯಿಲೆಯ ಬಗ್ಗೆ ಹೆಣ್ಣುಮಗಳೊಬ್ಬಳು ನಡುರಾತ್ರಿ ಓದಿದರೆ ಆಕೆಯ ಅಳಲು ತಿಳಿಯುತ್ತದೆ. ಈ ತಿಳಿವಳಿಕೆಗೆ ಜಾಹೀರಾತಿನ ಪೇಟೆಯಲ್ಲಿ ಬೆಲೆಯಿದೆ.

ಇದು ಬರಿಯ ಭೀತಿಯಲ್ಲ. ಇಂಗ್ಲೆಂಡಿನ ಬಿಟಿ ಸಂಸ್ಥೆಯು ಫಾರ್ಮ್ ಎಂಬ ಕಂಪನಿಯೊಡನೆ ಸೇರಿ 2006 ಮತ್ತು 2007ರಲ್ಲಿ ಗ್ರಾಹಕರಿಗೆ ತಿಳಿಸದೆಯೇ ಅವರ ಜಾಲಸಂಚಾರವನ್ನು ಜಾಹೀರಾತಿಗಾಗಿ ಪರೀಕ್ಷಿಸಿದ್ದನ್ನು ಆಮೇಲೆ ತಾನೇ ಒಪ್ಪಿಕೊಂಡಿತು. ಅಮೆರಿಕದಲ್ಲಿ ಗ್ರಾಹಕರ ಒಪ್ಪಿಗೆಯಿಲ್ಲದೆ ಇಂಥ ವಿವರಗಳನ್ನು ಮಾರಬಾರದೆಂದು 2016ರಲ್ಲಿ ಮಾಡಿದ ನಿಯಮವನ್ನು, ಅದು ಪೂರ್ಣವಾಗಿ ಜಾರಿಗೆ ಬರುವ ಮೊದಲೇ, 2017ರ ಏಪ್ರಿಲ್ ತಿಂಗಳಲ್ಲಿ ರದ್ದುಪಡಿಸಲಾಯಿತು.

ನಮ್ಮ ನಾಡಿನದೇ ಒಂದು ನಿದರ್ಶನವಿದೆ. 2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ತಂತ್ರಾಂಶ ತಜ್ಞ ತೇಜೇಶ್ ಜಿ.ಎನ್. ಅವರು, ಏರ್‌ಟೆಲ್ ಸಂಸ್ಥೆಯ 3ಜಿ ಸಂಪರ್ಕದಲ್ಲಿ ತೆರೆದ ಜಾಲಪುಟದೊಳಗೆ ಆ ಪುಟದ ಒಡೆಯನು ಬರೆಯದ ಸಂಕೇತಸಾಲುಗಳು ದಾರಿಯಲ್ಲಿ ಸೇರಿಕೊಂಡಿರುವುದನ್ನು ಪತ್ತೆಮಾಡಿ ಎಲ್ಲರಿಗೂ ತಿಳಿಸಿದರು. ಅದಕ್ಕೆ ಪ್ರತಿಯಾಗಿ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿಯ ಕಡೆಯಿಂದ ಅವರಿಗೇ ಕಾನೂನು ನೋಟಿಸು ಬಂದಿತು. ಗ್ರಾಹಕರು ತಮ್ಮ ಬಳಕೆಯ ಪ್ರಮಾಣವನ್ನು ಅರಿಯಲೆಂದು ನಡೆಸಿದ ಪ್ರಯೋಗವಿದು ಎಂದು ಏರ್‌ಟೆಲ್ ಸಮಜಾಯಿಷಿ ನೀಡಿತು. ಅದರಿಂದ ಯಾರದೋ ಗುಟ್ಟು ಮಾರಾಟವಾಯಿತೆಂದು ನಾವು ಹೇಳುತ್ತಿಲ್ಲ. ಅಂಬಿಗನ ಕೈ ಪ್ರಯಾಣಿಕನ ಗಂಟಿನವರೆಗೆ ಚಾಚಬಲ್ಲದು, ಚಾಚಿದ್ದು ಪ್ರಯಾಣಿಕನಿಗೆ ಗೊತ್ತೇ ಆಗುವುದಿಲ್ಲ ಎಂಬುದು ಮಾತ್ರ ಅಂದು ಸಿದ್ಧವಾಯಿತು.

ಹಾಗಾದರೆ ಎಷ್ಟನ್ನು ತೆಗೆದುಕೊಳ್ಳುವುದು ನ್ಯಾಯ? ಇದಕ್ಕೆ ಉತ್ತರ ಆಯ್ದಕ್ಕಿ ಲಕ್ಕಮ್ಮನವರ ಜೀವನದಲ್ಲಿದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಇದು ಹೆಚ್ಚು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದರು. ಆ ಅಕ್ಕಿ ಕದ್ದದ್ದಲ್ಲ, ಕಣ್ಣೆದುರಿಗೆ ಚೆಲ್ಲಿದ್ದು. ಆದರೂ ಬೇಕಾದುದಕ್ಕಿಂತ ಹೆಚ್ಚನ್ನು ಆಯ್ದುಕೊಳ್ಳುವುದು ಆ ತಾಯಿಗೆ ಸಲ್ಲದ ಆಸೆಯಾಗಿ ಕಂಡಿತು. ನಾವು ಜಾಲದಲ್ಲಿ ನಡೆದಾಡುವಾಗ ಚೆಲ್ಲುವ ಹೆಜ್ಜೆಗುರುತುಗಳೂ ಅಂಗಳದ ಅಕ್ಕಿಯೇ. ಸಂಪರ್ಕ ನಡೆಸಲು, ಬಿಲ್ಲು ಬರೆಯಲು ಬೇಕಾದಷ್ಟನ್ನು ಆಯ್ದುಕೊಳ್ಳಲಿ. ಕಾನೂನು ಕೇಳುವ ದಾಖಲೆಯನ್ನು ಇಡಲಿ. 2021ರ ಡಿಸೆಂಬರಿನ ಪರವಾನಗಿ ತಿದ್ದುಪಡಿಯಂತೆ ಅದನ್ನು ಕನಿಷ್ಠ ಎರಡು ವರ್ಷ ಇಡಬೇಕಾಗಿದೆ. ರಕ್ಷಣೆಗಾಗಿ ಇಟ್ಟುಕೊಂಡದ್ದನ್ನು ಮಾರಿ ಲಾಭ ಮಾಡುವುದು ಮಾತ್ರ ಬೇರೆಯೇ ಮಾತು.

ಸಂತೋಷದ ಸಂಗತಿಯೆಂದರೆ, ದೇಶದ ಕಾನೂನು ತಡವಾಗಿಯಾದರೂ ಲಕ್ಕಮ್ಮನವರ ದಾರಿಗೆ ಬಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಅರ್ಜಿಯ ವಿಚಾರಣೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಬಳಕೆದಾರನ ಮಾಹಿತಿಗೆ ಬಳಕೆದಾರನೇ ಒಡೆಯ, ಸಂಸ್ಥೆಗಳು ಕೇವಲ ಪಾಲಕರು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2018ರ ಜುಲೈನಲ್ಲಿ ಶಿಫಾರಸು ಮಾಡಿತು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ ಒಪ್ಪಿಗೆಯು ಹೇಳಿದ ಉದ್ದೇಶಕ್ಕೆ ಅವಶ್ಯವಾದ ಮಾಹಿತಿಗಷ್ಟೇ ಸೀಮಿತ. ತಪ್ಪಿದರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಸಂಸ್ಥೆಗಳ ಮುಖ್ಯ ಹೊಣೆಗಳ ಪಾಲನೆಗೆ 18 ತಿಂಗಳ ಕಾಲಾವಕಾಶವನ್ನು ಕೊಟ್ಟಿವೆ.

ಇಲ್ಲಿ ಭಕ್ತರೊಬ್ಬರು ಕೇಳಬಹುದು: ಅಂತರಂಗ ಬಹಿರಂಗಗಳು ಒಂದಾಗಿರಬೇಕೆಂದಲ್ಲವೇ ಶರಣರು ಬೋಧಿಸಿದ್ದು? ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ? ಪ್ರಶ್ನೆ ಯೋಗ್ಯವಾದುದೇ. ಆದರೆ ಬಸವಣ್ಣನವರು ತಮ್ಮ ಮನದ ಕುಂದುಗಳನ್ನು ತೆರೆದಿಟ್ಟದ್ದು ಕೂಡಲಸಂಗಮದೇವನ ಮುಂದೆ, ತಾವಾಗಿಯೇ. ಅಕ್ಕಮಹಾದೇವಿಯವರು ಎಲ್ಲವನ್ನೂ ತೊರೆದದ್ದು ಸ್ವಂತ ಸಂಕಲ್ಪದಿಂದ. ತಾನಾಗಿ ಲಿಂಗಕ್ಕೆ ಅರ್ಪಿಸಿದ್ದು ಭಕ್ತಿ. ಅರಿವಿಲ್ಲದಾಗ ಪರರು ತೆಗೆದುಕೊಂಡದ್ದು ಕಳವು. ಅಣ್ಣನವರು ಹೇಳಿದ ಏಳು ನಿಷೇಧಗಳಲ್ಲಿ ಮೊದಲನೆಯದೇ ಕಳವಿನದು. ಇನ್ನು ಮುಚ್ಚಿಟ್ಟದ್ದೆಲ್ಲವೂ ಪಾಪವೆಂಬ ಮಾತಿಗೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯೇ ಉತ್ತರ. ವರ್ತಕನೊಬ್ಬನು ಟೆಂಡರಿನಲ್ಲಿ ಬರೆದ ದರವು ತೆರೆಯುವ ಮೊದಲೇ ಮತ್ತೊಬ್ಬನಿಗೆ ತಿಳಿದರೆ ರೈತನಿಗೆ ನ್ಯಾಯದ ಬೆಲೆ ದಕ್ಕೀತೇ? ಕೆಲವು ಗುಟ್ಟುಗಳು ನ್ಯಾಯದ ಕಾವಲಿಗಾಗಿಯೇ ಇವೆ.

ಪರರಿಗೆ ಹೇಳುವ ಮೊದಲು ನಮ್ಮನ್ನು ನಾವು ನೋಡಿಕೊಳ್ಳಬೇಕು. ಜಾತ್ರೆಯಲ್ಲಿ, ದಾಸೋಹದ ದೇಣಿಗೆ ಪುಸ್ತಕದಲ್ಲಿ ಭಕ್ತರ ಹೆಸರು, ಊರು, ಮೊಬೈಲ್ ಸಂಖ್ಯೆಗಳನ್ನು ಮಠಗಳೂ ಬರೆದುಕೊಳ್ಳುತ್ತವೆ. ಅದು ರಸೀದಿಗಾಗಿ, ಪ್ರಸಾದದ ಕರೆಗಾಗಿ ಕೊಟ್ಟದ್ದು. ಆ ಪಟ್ಟಿಯನ್ನು ವ್ಯಾಪಾರಿಗೋ ಚುನಾವಣೆಯ ಅಭ್ಯರ್ಥಿಗೋ ಒಪ್ಪಿಸಿದರೆ ನಾವೂ ಗಂಟು ಬಿಚ್ಚಿದ ಅಂಬಿಗರೇ ಆಗುತ್ತೇವೆ. ಲಕ್ಕಮ್ಮನವರ ಅಳತೆಗೋಲು ಮೊದಲು ಮಠದ ಬಾಗಿಲಲ್ಲಿಯೇ ನಿಲ್ಲಬೇಕು.

ಅನಂತರ ಧೈರ್ಯವಾಗಿ ಕೇಳೋಣ. ಹೊಸ ಸಂಪರ್ಕದ ಅರ್ಜಿಗೆ ಓದದೆ ಸಹಿ ಹಾಕದಿರೋಣ. ನಮ್ಮ ಯಾವ ವಿವರವನ್ನು ಇಟ್ಟುಕೊಂಡಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ, ಎಂದು ಅಳಿಸುತ್ತೀರಿ ಎಂದು ಬರವಣಿಗೆಯಲ್ಲಿ ಕೇಳೋಣ. ಈ ಕೇಳುವ ಹಕ್ಕನ್ನೂ ಅದೇ ಕಾಯಿದೆ ಕೊಟ್ಟಿದೆ. ಕೂಲಿ ಕೊಟ್ಟು ದೋಣಿ ಏರಿದವರು ನಾವು. ದಡ ಮುಟ್ಟಿದಾಗ ನಮ್ಮ ಗಂಟು ಕಟ್ಟಿದಂತೆಯೇ ಇರಬೇಕೆಂದು ಬಯಸುವುದು ಅತಿಯಾಸೆಯಲ್ಲ.